ಪ್ರಾಸ್ಟೇಟ್ ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ, ಆದರೆ "ದೀರ್ಘಕಾಲದ ಉರಿಯೂತ" ಅಂತ ಬಂದಿದೆ. ಇದು ಮುಂದೆ ಕ್ಯಾನ್ಸರ್ ಆಗುತ್ತಾ?

ಅರವತ್ತೆರಡು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ನನ್ನದೇ ಪ್ರಶ್ನೆ ತಂದಿದ್ದೇನೆ.

ವಯಸ್ಸು 62. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ನೋಡಲು ರಕ್ತ ಪರೀಕ್ಷೆ ಮಾಡಿಸಿದರು, ಪಿಎಸ್‌ಎ ಅಂತ. 6.8 ಬಂತು, ಜಾಸ್ತಿ ಅಂದರು. ಎಂಆರ್‌ಐನಲ್ಲಿ ಏನೋ ಮಸುಕು ಕಲೆ ಇದೆ ಅಂದರು, ಬಯಾಪ್ಸಿ ಮಾಡಿದರು. ಪ್ರಾಸ್ಟೇಟ್‌ನಿಂದ 12 ಚೂರು ತೆಗೆದರು. ಒಂದರಲ್ಲೂ ಕ್ಯಾನ್ಸರ್ ಇಲ್ಲ. ಆದರೆ 7 ಚೂರುಗಳಲ್ಲಿ "ದೀರ್ಘಕಾಲದ ಉರಿಯೂತ", ಎರಡರಲ್ಲಿ "ಗ್ರಂಥಿ ಸೊರಗಿದೆ" ಅಂತ ವರದಿ. ಡಾಕ್ಟರು "ಒಳ್ಳೆ ಸುದ್ದಿ" ಎಂದು ನಕ್ಕರು. ಮೂತ್ರ ಸಲೀಸಾಗಲಿ ಅಂತ ಎರಡು ಮಾತ್ರೆ ಬರೆದುಕೊಟ್ಟು, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಪೂರ್ತಿ ನಾಲ್ಕು ನಿಮಿಷ.

ಮನೆಗೆ ಬಂದು ಫೋನ್ ತೆರೆದಿದ್ದೇ ತಪ್ಪಾಯಿತು. ಉರಿಯೂತವೇ ಪ್ರಾಸ್ಟೇಟ್ ಕ್ಯಾನ್ಸರಿನ ಬೀಜ ಅಂತ ಒಂದು ಕಡೆ. ಉರಿಯೂತ ಇದ್ದವರಿಗೆ ಕ್ಯಾನ್ಸರ್ ಕಡಿಮೆ ಅಂತ ಇನ್ನೊಂದು ಕಡೆ. ಎರಡೂ ಹೇಗೆ ನಿಜವಾಗುತ್ತವೆ? ನನಗೆ ನೋವಿಲ್ಲ, ಜ್ವರವಿಲ್ಲ. ಒಳಗೆ ಏನು ಉರಿಯುತ್ತಿದೆ? ಅದನ್ನು ಆರಿಸಲು ಏನಾದರೂ ತಗೊಳ್ಳಬೇಕಾ?

ದಿನಕ್ಕೊಂದು ಮಾತ್ರೆ

ಸರ್, ಸರಳ ಲೆಕ್ಕ. ಉರಿಯೂತದಿಂದ ಕ್ಯಾನ್ಸರ್. ಆಸ್ಪಿರಿನ್‌ನಿಂದ ಉರಿಯೂತ ಕಡಿಮೆ. ಹಾಗಾದರೆ ಆಸ್ಪಿರಿನ್‌ನಿಂದ ಕ್ಯಾನ್ಸರ್ ಕಡಿಮೆ. ನಾನು ಐದು ವರ್ಷದಿಂದ ಸಣ್ಣ ಡೋಸ್ ತಗೊಳ್ಳುತ್ತಿದ್ದೇನೆ. ಏನೂ ಆಗಿಲ್ಲ.

ಲೆಕ್ಕದ ಮೇಷ್ಟ್ರು

ನಾನು ಐದು ವರ್ಷದಿಂದ ನೀಲಿ ಅಂಗಿ ಹಾಕುತ್ತಿದ್ದೇನೆ. ನನಗೂ ಏನೂ ಆಗಿಲ್ಲ.

ಸ್ಲೈಡ್ ಮೇಡಂ

ದಿನಾ ಬಯಾಪ್ಸಿ ಸ್ಲೈಡ್ ನೋಡುವುದೇ ನನ್ನ ಕೆಲಸ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ವರದಿ ಬರೆದವಳು ನಾನಲ್ಲ, ನಿಮ್ಮ ಸ್ಲೈಡ್ ನಾನು ನೋಡಿಲ್ಲ. ಅದು ನೆನಪಿರಲಿ.

ಮೊದಲ ಮಾತು: ಐವತ್ತು ದಾಟಿದವರ ಪ್ರಾಸ್ಟೇಟ್ ಚೂರಿನಲ್ಲಿ ಉರಿಯೂತ ಕಾಣದಿದ್ದರೆ ನನಗೆ ಆಶ್ಚರ್ಯ. ಅಷ್ಟು ಸಾಮಾನ್ಯ. ನೋವು, ಉರಿ, ಜ್ವರ ಏನೂ ಇಲ್ಲದೆ ಬಯಾಪ್ಸಿಯಲ್ಲಿ ಮಾತ್ರ ಸಿಗುವ ಉರಿಯೂತಕ್ಕೆ ಬೇರೆ ಹೆಸರೇ ಇದೆ. ಪ್ರಾಸ್ಟೇಟ್ ಉರಿಯೂತವನ್ನು ನಾಲ್ಕು ಗುಂಪು ಮಾಡಿದ್ದಾರೆ. ಮೊದಲಿನದು ದಿಢೀರನೆ ಬರುವ ಬ್ಯಾಕ್ಟೀರಿಯಾ ಸೋಂಕು, ಚಳಿಜ್ವರ ಬಂದು ಮಲಗಿಸಿಬಿಡುತ್ತದೆ. ಎರಡನೆಯದು ಮರುಕಳಿಸುವ ಸೋಂಕು. ಮೂರನೆಯದು ಸೋಂಕು ಸಿಗದಿದ್ದರೂ ತಿಂಗಳುಗಟ್ಟಲೆ ಕಾಡುವ ನೋವು. ನಾಲ್ಕನೆಯದು ನಿಮ್ಮದು. ಸದ್ದಿಲ್ಲದ್ದು.

"ಒಳಗೆ ಏನು ಉರಿಯುತ್ತಿದೆ" ಅಂದಿರಲ್ಲ, ಸ್ಲೈಡಿನಲ್ಲಿ ಬೆಂಕಿ ಏನೂ ಕಾಣುವುದಿಲ್ಲ. ಗುಲಾಬಿ ಬಣ್ಣದ ಹಿನ್ನೆಲೆಯಲ್ಲಿ ನೀಲಿ ಚುಕ್ಕಿಗಳ ಗುಂಪು. ಅವು ಲಿಂಫೋಸೈಟ್‌ಗಳು, ಅಂದರೆ ಒಂದು ಜಾತಿಯ ಬಿಳಿ ರಕ್ತಕಣ. ಗ್ರಂಥಿಯ ಪಕ್ಕದಲ್ಲಿ ಬೀಡುಬಿಟ್ಟಿರುತ್ತವೆ. ಯಾಕೆ ಬಂದವು? ಮೂತ್ರ ಹಿಂದಕ್ಕೆ ನುಗ್ಗಿ ಗ್ರಂಥಿಯೊಳಗೆ ಸೇರಿರಬಹುದು, ಹಳೆಯ ಸೋಂಕು ಇರಬಹುದು, ಒಳಗೆ ಸಣ್ಣ ಹರಳು ಕಟ್ಟಿರಬಹುದು. ಸ್ಲೈಡ್ ನೋಡಿ ಕಾರಣ ಹೇಳಲಾಗುವುದಿಲ್ಲ.

ಅರವತ್ತೆರಡು

ಮೇಡಂ, ತುಂಬಾ ಥ್ಯಾಂಕ್ಸ್. ಆದರೆ "ಗ್ರಂಥಿ ಸೊರಗಿದೆ" ಅನ್ನೋದು? ಅದೇ ನನ್ನ ನಿದ್ದೆ ಕೆಡಿಸಿರುವುದು.

ಸ್ಲೈಡ್ ಮೇಡಂ

ಅದೇ ಸ್ವಲ್ಪ ಕುತೂಹಲದ ಜಾಗ. ಉದ್ದ ಆಗುತ್ತದೆ, ಕ್ಷಮಿಸಿ.

ಬಿಳಿ ರಕ್ತಕಣಗಳು ರೋಗಾಣು ಕೊಲ್ಲಲು ಆಮ್ಲಜನಕದ ಉಗ್ರ ರೂಪಗಳನ್ನು ಸುರಿಯುತ್ತವೆ. ಅದು ಪಕ್ಕದ ಒಳ್ಳೆ ಜೀವಕೋಶಕ್ಕೂ ಸಿಡಿಯುತ್ತದೆ, ಡಿಎನ್‌ಎ ಕೆಡಿಸುತ್ತದೆ. ಸತ್ತ ಕೋಶದ ಜಾಗ ತುಂಬಲು ಉಳಿದವು ಒಡೆದು ಎರಡಾಗುತ್ತವೆ. ಡಿಎನ್‌ಎ ಕೆಟ್ಟಿರುವಾಗಲೇ ಅವಸರದಲ್ಲಿ ನಕಲು ಮಾಡಿದರೆ ತಪ್ಪು ಉಳಿದುಬಿಡುತ್ತದೆ. ಜಠರದಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ, ಲಿವರ್‌ನಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ವೈರಸ್, ಇಲ್ಲೆಲ್ಲ ವರ್ಷಗಟ್ಟಲೆಯ ಉರಿಯೂತದಿಂದ ಕ್ಯಾನ್ಸರ್ ಬರುವುದು ಸಾಬೀತಾಗಿದೆ.

ಪ್ರಾಸ್ಟೇಟ್‌ನಲ್ಲೂ ಹಾಗೇ ಇರಬಹುದು ಎಂಬ ವಾದಕ್ಕೆ ಬಲ ಬಂದಿದ್ದು 1999ರಲ್ಲಿ. ಉರಿಯೂತದ ಪಕ್ಕದಲ್ಲಿ ಸೊರಗಿದ ಗ್ರಂಥಿಗಳು ಇರುತ್ತವಲ್ಲ, ಅವುಗಳ ಕೋಶಗಳು ಚಪ್ಪಟೆಯಾಗಿ, ಸುಸ್ತಾದಂತೆ ಕಾಣುತ್ತವೆ. ಆದರೆ ಬಣ್ಣ ಹಾಕಿ ಪರೀಕ್ಷಿಸಿದರೆ ಅವು ಸುಮ್ಮನೆ ಕೂತಿಲ್ಲ, ಬಿರುಸಾಗಿ ವಿಭಜನೆ ಆಗುತ್ತಿವೆ. ಜಾನ್ಸ್ ಹಾಪ್ಕಿನ್ಸ್‌ನ ಡಿ ಮಾರ್ಜೊ ತಂಡ ಇದಕ್ಕೆ ಪ್ರೊಲಿಫರೇಟಿವ್ ಇನ್‌ಫ್ಲಮೇಟರಿ ಅಟ್ರೋಫಿ ಎಂದು ಹೆಸರಿಟ್ಟಿತು. ನಾವು ಪಿಐಎ ಅನ್ನುತ್ತೇವೆ. ಇದು ಜಾಸ್ತಿ ಕಾಣುವುದು ಪ್ರಾಸ್ಟೇಟಿನ ಹೊರ ಅಂಚಿನಲ್ಲಿ. ಸುಮಾರು 70 ಶೇಕಡಾ ಪ್ರಾಸ್ಟೇಟ್ ಕ್ಯಾನ್ಸರ್ ಹುಟ್ಟುವುದೂ ಅಲ್ಲೇ.

ಇನ್ನೊಂದು ಸುಳಿವು ಜಿಎಸ್‌ಟಿಪಿ1 ಎಂಬ ಜೀನ್. ಇದು ಕೋಶದ ಕಾವಲುಗಾರ, ಉಗ್ರ ರಾಸಾಯನಿಕಗಳನ್ನು ತಣ್ಣಗೆ ಮಾಡುತ್ತದೆ. 90 ಶೇಕಡಾಕ್ಕೂ ಹೆಚ್ಚು ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಈ ಜೀನ್‌ನ ಬಾಯಿ ಕಟ್ಟಿರುತ್ತದೆ. ಪಿಐಎ ಜಾಗಗಳಲ್ಲಿ ಹೆಚ್ಚಿನ ಕೋಶಗಳು ಇದನ್ನು ಜೋರಾಗಿಯೇ ತಯಾರಿಸುತ್ತವೆ, ಬೆಂಕಿ ಹತ್ತಿರ ಇರುವವರು ನೀರು ತುಂಬಿಟ್ಟುಕೊಂಡ ಹಾಗೆ. ಕೆಲವೇ ಕೆಲವು ಕೋಶಗಳಲ್ಲಿ ಮಾತ್ರ ಕಾವಲುಗಾರ ಕಾಣೆ.

ಇಷ್ಟು ಓದಿ ಗಾಬರಿ ಆಗಬೇಡಿ. ಸೊರಗಿದ ಗ್ರಂಥಿ ಸಿಕ್ಕಾಪಟ್ಟೆ ಸಾಮಾನ್ಯ. ಬಹುಪಾಲು ಎಂದೂ ಕ್ಯಾನ್ಸರ್ ಆಗುವುದಿಲ್ಲ. "ಪಿಐಎ ಇದೆ, ಅದಕ್ಕೇ ಮತ್ತೆ ಬಯಾಪ್ಸಿ ಮಾಡಿ" ಅಂತ ನಾವು ಬರೆಯುವುದಿಲ್ಲ.

ನಿದ್ದೆ ಬಾರದವ

ನೀರು ತುಂಬಿಟ್ಟುಕೊಂಡ ಹೋಲಿಕೆ ಸೂಪರ್ ಮೇಡಂ.

ದಿನಕ್ಕೊಂದು ಮಾತ್ರೆ

ನೋಡಿ, ಮೇಡಂ ಹೇಳಿದ್ದೂ ನನ್ನ ಮಾತನ್ನೇ. ಬೆಂಕಿ ಆರಿಸಿ.

ಲೆಕ್ಕದ ಮೇಷ್ಟ್ರು

ಅಣ್ಣ, ಅವರು ಅದನ್ನು ಹೇಳಲೇ ಇಲ್ಲ.

ಈಗ ಅರವತ್ತೆರಡು ಅವರ ಅಸಲಿ ಪ್ರಶ್ನೆಗೆ ಬರುತ್ತೇನೆ. ಎರಡು ಅಧ್ಯಯನ, ಎರಡು ಉತ್ತರ, ಎರಡೂ ಹೇಗೆ ನಿಜ?

ಒಂದು, ರೆಡ್ಯೂಸ್ ಎಂಬ ಪರೀಕ್ಷೆ. ಡುಟಾಸ್ಟೆರೈಡ್ ಎಂಬ ಮಾತ್ರೆ ಕ್ಯಾನ್ಸರ್ ತಡೆಯುತ್ತದಾ ಎಂದು ನೋಡಲು ಮಾಡಿದ್ದು. ಇದಕ್ಕೆ ಸೇರಿಸಿಕೊಂಡಿದ್ದು ಪಿಎಸ್‌ಎ 2.5ರಿಂದ 10ರೊಳಗೆ ಇದ್ದು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಸಿಗದವರನ್ನು. ಅಂದರೆ ನಿಮ್ಮಂಥವರನ್ನೇ. ಮುಕ್ಕಾಲು ಭಾಗ ಮಂದಿಯ ಮೊದಲ ಬಯಾಪ್ಸಿಯಲ್ಲಿ ಉರಿಯೂತ ಇತ್ತು. ಎರಡು ಮತ್ತು ನಾಲ್ಕು ವರ್ಷ ಬಿಟ್ಟು ಮತ್ತೆ ಬಯಾಪ್ಸಿ ಮಾಡಿದರು. ಉರಿಯೂತ ಇದ್ದವರಲ್ಲೇ ಕ್ಯಾನ್ಸರ್ ಕಡಿಮೆ ಸಿಕ್ಕಿತು!

ಎರಡು, ಪಿಸಿಪಿಟಿ. ಇದೂ ಮಾತ್ರೆಯಿಂದ ಕ್ಯಾನ್ಸರ್ ತಡೆಯಬಹುದಾ ಎಂದು ನೋಡಿದ ಪರೀಕ್ಷೆ. ಇಲ್ಲಿ ಸೇರುವಾಗ ಎಲ್ಲರ ಪಿಎಸ್‌ಎ 3 ಅಥವಾ ಅದಕ್ಕಿಂತ ಕಡಿಮೆ. ಏಳು ವರ್ಷದ ಕೊನೆಗೆ, ಪಿಎಸ್‌ಎ ಎಷ್ಟೇ ಇರಲಿ, ಬಯಾಪ್ಸಿ ಮಾಡಿಸಿಕೊಳ್ಳಿ ಅಂದರು. ಸುಳ್ಳು ಮಾತ್ರೆ (ಮದ್ದಿಲ್ಲದ್ದು) ತಗೊಂಡ ಗುಂಪಿನವರ ಚೂರುಗಳನ್ನು ನೋಡಿದಾಗ, ಕ್ಯಾನ್ಸರ್ ಇದ್ದವರಲ್ಲಿ 86 ಶೇಕಡಾ ಮಂದಿಗೆ ಪಕ್ಕದ ಒಳ್ಳೆ ಭಾಗದಲ್ಲೂ ಉರಿಯೂತ ಇತ್ತು. ಕ್ಯಾನ್ಸರ್ ಇಲ್ಲದವರಲ್ಲಿ 78 ಶೇಕಡಾ. ಉಗ್ರ ಜಾತಿಯ ಕ್ಯಾನ್ಸರ್‌ಗೆ ನಂಟು ಇನ್ನೂ ಬಲವಾಗಿತ್ತು.

ವ್ಯತ್ಯಾಸ ಇರುವುದು ಯಾರನ್ನು ಆರಿಸಿದರು ಎಂಬುದರಲ್ಲಿ. ರೆಡ್ಯೂಸ್‌ನಲ್ಲಿ ಎಲ್ಲರಿಗೂ ಪಿಎಸ್‌ಎ ಮೇಲೆ. ಏರಲು ಏನಾದರೂ ಕಾರಣ ಬೇಕಲ್ಲ? ಒಬ್ಬನಿಗೆ ಉರಿಯೂತ ಸಿಕ್ಕಿತು, ಅವನ ಪಿಎಸ್‌ಎಗೆ ಕಾರಣ ಸಿಕ್ಕಿತು. ಇನ್ನೊಬ್ಬನಿಗೆ ಉರಿಯೂತವೂ ಇಲ್ಲ, ಪಿಎಸ್‌ಎ ಮಾತ್ರ ಮೇಲೆ. ಅವನಿಗೆ ಸೂಜಿಗೆ ಸಿಗದ ಕ್ಯಾನ್ಸರ್ ಇರುವ ಅನುಮಾನ ಜಾಸ್ತಿ. ಉರಿಯೂತ ಮೊದಲನೆಯವನನ್ನು ಕಾಪಾಡಿತು ಅಂತಲ್ಲ, ಇಬ್ಬರೂ ಆ ಗುಂಪಿಗೆ ಸೇರಿದ ದಾರಿಯೇ ಬೇರೆ ಬೇರೆ.

ಅರವತ್ತೆರಡು

ಮೇಷ್ಟ್ರೇ, ಮೂರು ಸಲ ಓದಿದೆ. ಮೂರನೇ ಸಲಕ್ಕೆ ತಲೆಗೆ ಹೋಯಿತು. ಹಾಗಾದರೆ ನನ್ನ 6.8ಕ್ಕೆ ಉರಿಯೂತವೇ ಕಾರಣ ಆಗಿರಬಹುದು?

ಲೆಕ್ಕದ ಮೇಷ್ಟ್ರು

ಆಗಿರಬಹುದು. ಗ್ರಂಥಿ ಊದಿಕೊಂಡಿದ್ದರೂ ಏರುತ್ತದೆ. ಪಿಎಸ್‌ಎ ಕ್ಯಾನ್ಸರ್‌ನ ಗುರುತು ಅಲ್ಲ, ಪ್ರಾಸ್ಟೇಟ್‌ನ ಗುರುತು. ಗೋಡೆ ಸೋರಿದರೆ ರಕ್ತಕ್ಕೆ ಬರುತ್ತದೆ.

ಸೈಕಲ್ ಸವಾರ

ನಡುವೆ ಒಂದು ಡೌಟು. ದಿನಾ 40 ಕಿಲೋಮೀಟರ್ ತುಳಿಯುತ್ತೇನೆ. ಸೀಟು ಒತ್ತಿ ಉರಿಯೂತ ಆಗಿ ಕ್ಯಾನ್ಸರ್ ಬರುತ್ತಾ?

ಸ್ಲೈಡ್ ಮೇಡಂ

ಸೈಕಲ್‌ನಿಂದ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಕೂರುವ ಜಾಗ ಜೋಮು ಹಿಡಿದರೆ ಸೀಟು ಬದಲಾಯಿಸಿ. ಪಿಎಸ್‌ಎಗೆ ರಕ್ತ ಕೊಡುವ ಮೊದಲು ಎರಡು ದಿನ ಸೈಕಲ್ಲಿಗೆ ರಜೆ ಕೊಡಿ, ಅಷ್ಟೇ.

ಸೈಕಲ್ ಸವಾರ

ಬಚಾವ್.

ನಿದ್ದೆ ಬಾರದವ

ನಾನು ಎಲ್ಲೋ ಓದಿದ್ದೆ, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ವೈರಸ್ ಕಾರಣ, ಅದನ್ನು ಕಂಡುಹಿಡಿದಿದ್ದಾರೆ, ಹೊರಗೆ ಬಿಡುತ್ತಿಲ್ಲ ಅಂತ. ಎಕ್ಸ್ ಎಂ ಆರ್ ವಿ ಅಂತೇನೋ ಹೆಸರು.

ಇಲಿ ಸಾಕಿದವ

ಅಯ್ಯೋ, ಆ ಕಥೆ! ಹೊರಗೆ ಬಿಡದೇ ಏನು, ಊರೆಲ್ಲ ಡಂಗುರ ಹೊಡೆದಿದ್ದರು. ನಾನು ಆಗ ಲ್ಯಾಬ್‌ನಲ್ಲಿ ಇಲಿಗಳ ಜೊತೆ ಕೆಲಸ ಮಾಡುತ್ತಿದ್ದೆ.

2006ರಲ್ಲಿ ಎಕ್ಸ್ಎಂಆರ್‌ವಿ ಎಂಬ ವೈರಸ್ ಪ್ರಾಸ್ಟೇಟ್ ಗಡ್ಡೆಗಳಲ್ಲಿ ಸಿಕ್ಕಿತು ಅಂತ ವರದಿ ಬಂತು. ಎಲ್ಲರಿಗೂ ಖುಷಿ. ಜಠರಕ್ಕೆ ಹೆಲಿಕೋಬ್ಯಾಕ್ಟರ್ ಇದ್ದ ಹಾಗೆ ಪ್ರಾಸ್ಟೇಟ್‌ಗೂ ಒಬ್ಬ ಕಳ್ಳ ಸಿಕ್ಕ, ಇನ್ನು ಉರಿಯೂತದ ಕಥೆ ಪೂರ್ತಿ ಆಯಿತು ಅಂತ. ಆಮೇಲೆ ಬೇರೆಯವರು ಹುಡುಕಿದರೆ ರೋಗಿಗಳಲ್ಲಿ ವೈರಸ್ಸೇ ಇಲ್ಲ. ಬೆನ್ನು ಹತ್ತಿ ಹೋದಾಗ ಗೊತ್ತಾಯಿತು. 1990ರ ದಶಕದಲ್ಲಿ ಮನುಷ್ಯನ ಗಡ್ಡೆಯೊಂದನ್ನು ಇಲಿಯಿಂದ ಇಲಿಗೆ ದಾಟಿಸಿ ಬೆಳೆಸಿದ್ದರು. ಆಗ ಇಲಿಗಳದ್ದೇ ಎರಡು ವೈರಸ್ ಚೂರುಗಳು ಬೆರೆತು ಇದು ಹುಟ್ಟಿತ್ತು. ಲ್ಯಾಬ್‌ನಲ್ಲಿ ಹುಟ್ಟಿದ್ದು, ಲ್ಯಾಬ್‌ನಿಂದಲೇ ಮಾದರಿಗಳಿಗೆ ಅಂಟಿದ್ದು. 2012ರಲ್ಲಿ ಆ ಮೊದಲ ವರದಿಯನ್ನೇ ವಾಪಸ್ ತೆಗೆದರು.

ಪ್ರಾಸ್ಟೇಟ್‌ನಲ್ಲಿ ಬ್ಯಾಕ್ಟೀರಿಯಾ ಸಿಗುತ್ತವೆ. ಮೊಡವೆಗೆ ಸಂಬಂಧಪಟ್ಟ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಕೂಡ ಸಿಕ್ಕಿದೆ. ಆದರೆ "ಇದೇ ಕಳ್ಳ" ಅನ್ನುವಂಥದ್ದು ಯಾವುದೂ ಸಿಕ್ಕಿಲ್ಲ.

ನಿದ್ದೆ ಬಾರದವ

ಥತ್, ಒಳ್ಳೆ ಸಂಚು ಹಾಳಾಯಿತು.

ಅಪ್ಪನ ಮಗಳು

ನಿಮ್ಮೆಲ್ಲರ ಮಾತು ಕ್ಯಾನ್ಸರ್ ಬರುವ ಮೊದಲಿನದು. ನಮ್ಮಪ್ಪನಿಗೆ ಈಗಾಗಲೇ ಮೂಳೆಗೆ ಹೋಗಿದೆ. ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಜೊತೆ ಅಬಿರಾಟೆರೋನ್ ಮಾತ್ರೆ, ದಿನಾ ಪ್ರೆಡ್ನಿಸೊಲೋನ್. ಪ್ರೆಡ್ನಿಸೊಲೋನ್ ಉರಿಯೂತ ಇಳಿಸುವ ಸ್ಟೀರಾಯ್ಡ್ ಅಲ್ವಾ? ಅಂದರೆ ಡಾಕ್ಟರುಗಳೂ ಉರಿಯೂತಕ್ಕೇ ಔಷಧಿ ಕೊಡುತ್ತಿದ್ದಾರೆ. ಬೆಳೆದ ಕ್ಯಾನ್ಸರ್‌ನಲ್ಲಿ ಉರಿಯೂತದ ಪಾತ್ರ ಏನು, ಯಾರಾದರೂ ಹೇಳಿ.

ಸ್ಲೈಡ್ ಮೇಡಂ

ಅಮ್ಮಾ, ಮೊದಲು ಒಂದು ತಿದ್ದುಪಡಿ. ಅಬಿರಾಟೆರೋನ್ ಜೊತೆ ಕೊಡುವ ಪ್ರೆಡ್ನಿಸೊಲೋನ್ ಉರಿಯೂತಕ್ಕಲ್ಲ. ಅಬಿರಾಟೆರೋನ್ ಗಂಡು ಹಾರ್ಮೋನ್ ತಯಾರಿ ನಿಲ್ಲಿಸುವಾಗ ಕಾರ್ಟಿಸಾಲ್ (ದೇಹದ್ದೇ ಸ್ಟೀರಾಯ್ಡ್) ತಯಾರಿಯನ್ನೂ ಕಡಿಮೆ ಮಾಡುತ್ತದೆ. ಮೆದುಳು ಇನ್ನೂ ಬೇಕು ಅಂತ ಒತ್ತಡ ಹಾಕುತ್ತದೆ. ಆಗ ಉಪ್ಪು ಹಿಡಿದಿಡುವ ಹಾರ್ಮೋನ್‌ಗಳು ಏರಿ ಬಿಪಿ ಜಾಸ್ತಿ, ಪೊಟ್ಯಾಸಿಯಂ ಕಡಿಮೆ, ಕಾಲು ಊತ. ಅದನ್ನು ತಡೆಯಲು ಪ್ರೆಡ್ನಿಸೊಲೋನ್. ದಯವಿಟ್ಟು ಅದನ್ನು ತಾವಾಗಿ ಬಿಡಿಸಬೇಡಿ, ಒಂದು ದಿನ ಮರೆತರೂ ಡಾಕ್ಟರಿಗೆ ಹೇಳಿ.

ಅಪ್ಪನ ಮಗಳು

ಗೊತ್ತಿರಲಿಲ್ಲ. ಕಾಲು ಊತ ಇತ್ತು, ವಯಸ್ಸಿಗೆ ಅಂದುಕೊಂಡಿದ್ದೆವು. ಇವತ್ತೇ ಫೋನ್ ಮಾಡುತ್ತೇನೆ.

ಇಲಿ ಸಾಕಿದವ

ಬೆಳೆದ ಗಡ್ಡೆಯ ವಿಷಯ ನನಗೆ ಬಿಡಿ.

1986ರಲ್ಲಿ ಹೆರಾಲ್ಡ್ ಡ್ವೋರಾಕ್ ಎಂಬ ವೈದ್ಯವಿಜ್ಞಾನಿ ಗಡ್ಡೆಯನ್ನು ವಾಸಿಯಾಗದ ಗಾಯ ಎಂದು ಕರೆದರು. ಗಾಯ ಮಾಯಲು ದೇಹ ಏನೇನು ಕಳಿಸುತ್ತದೋ, ಹೊಸ ರಕ್ತನಾಳ, ಬೆಳವಣಿಗೆಯ ಸಂಕೇತ, ಸ್ವಚ್ಛ ಮಾಡುವ ಮ್ಯಾಕ್ರೊಫೇಜ್, ಎಲ್ಲವನ್ನೂ ಗಡ್ಡೆ ತನಗೆ ಬಳಸಿಕೊಳ್ಳುತ್ತದೆ. ಇಂಟರ್‌ಲ್ಯೂಕಿನ್ 6 ಎಂಬ ಸಂಕೇತ ಕ್ಯಾನ್ಸರ್ ಕೋಶಕ್ಕೆ "ಸಾಯಬೇಡ" ಅನ್ನುತ್ತದೆ.

2010ರಲ್ಲಿ ಮೈಕೆಲ್ ಕರೀನ್ ತಂಡದ ಪ್ರಯೋಗ ನನಗೆ ತುಂಬಾ ಇಷ್ಟ. ಪ್ರಾಸ್ಟೇಟ್ ಗಡ್ಡೆ ಇರುವ ಇಲಿಗಳ ವೃಷಣ ತೆಗೆದರು. ಹಾರ್ಮೋನ್ ಸಿಗದೆ ಗಡ್ಡೆ ಕುಗ್ಗಿತು, ಕೋಶಗಳು ಸತ್ತವು. ಆ ಸಾವೇ ಉರಿಯೂತ ಎಬ್ಬಿಸಿತು! ಬಿ ಕೋಶಗಳು (ಒಂದು ಬಗೆಯ ಲಿಂಫೋಸೈಟ್) ನುಗ್ಗಿ ಬಂದು ಲಿಂಫೊಟಾಕ್ಸಿನ್ ಎಂಬ ವಸ್ತು ಬಿಟ್ಟವು. ಉಳಿದಿದ್ದ ಕ್ಯಾನ್ಸರ್ ಕೋಶಗಳು ಅದನ್ನು ಹಿಡಿದುಕೊಂಡು ಹಾರ್ಮೋನ್ ಇಲ್ಲದೆಯೇ ಮತ್ತೆ ಬೆಳೆದವು. ಬಿ ಕೋಶ ಇಲ್ಲದ ಇಲಿಗಳಲ್ಲಿ ಗಡ್ಡೆ ಮರಳಲು ಜಾಸ್ತಿ ದಿನ ಬೇಕಾಯಿತು. ಅಂದರೆ ಚಿಕಿತ್ಸೆ ಮಾಡಿದ ಗಾಯವನ್ನೇ ಕ್ಯಾನ್ಸರ್ ಏಣಿ ಮಾಡಿಕೊಂಡಿತು.

ದಿನಕ್ಕೊಂದು ಮಾತ್ರೆ

ಈಗಲಾದರೂ ಒಪ್ಪಿಕೊಳ್ಳಿ! ಉರಿಯೂತ ಇಳಿಸಿದರೆ ಲಾಭ ಇದೆ.

ಇಲಿ ಸಾಕಿದವ

ಇಲಿಗೆ. ಮನುಷ್ಯರಲ್ಲಿ ಮಾಡಿ ನೋಡಿದ್ದಾರೆ, ಅದನ್ನೂ ಕೇಳಿ. ಸ್ಟಾಂಪೀಡ್ ಎಂಬ ದೊಡ್ಡ ಪರೀಕ್ಷೆಯಲ್ಲಿ ಹಾರ್ಮೋನ್ ಚಿಕಿತ್ಸೆ ಜೊತೆ ಸೆಲೆಕಾಕ್ಸಿಬ್ ಕೊಟ್ಟರು, ಉರಿಯೂತ ಇಳಿಸುವ ಪಕ್ಕಾ ಮಾತ್ರೆ. ಲಾಭ ಕಾಣಲಿಲ್ಲ ಎಂದು ಆ ಗುಂಪನ್ನೇ ಮಧ್ಯದಲ್ಲಿ ನಿಲ್ಲಿಸಿದರು. 2012ರಲ್ಲಿ ಫಲಿತಾಂಶ ಪ್ರಕಟವಾಯಿತು. ಇಂಟರ್‌ಲ್ಯೂಕಿನ್ 6 ತಡೆಯುವ ಸಿಲ್ಟುಕ್ಸಿಮ್ಯಾಬ್ ಅನ್ನು ಕಿಮೊ ಜೊತೆ ಸೇರಿಸಿದರು. ಅದೂ ಗೆಲ್ಲಲಿಲ್ಲ.

ಲೆಕ್ಕದ ಮೇಷ್ಟ್ರು

ಆಸ್ಪಿರಿನ್ ಅಣ್ಣನಿಗೆ ನನ್ನದೂ ಒಂದು. ಆಸ್ಪ್ರೀ ಪರೀಕ್ಷೆ. 19 ಸಾವಿರಕ್ಕೂ ಹೆಚ್ಚು ಆರೋಗ್ಯವಂತ ಹಿರಿಯರು, ಹೆಚ್ಚಿನವರು 70 ದಾಟಿದವರು. 2018ರಲ್ಲಿ ಫಲಿತಾಂಶ. ಆಸ್ಪಿರಿನ್ ಗುಂಪಿನಲ್ಲಿ ರಕ್ತಸ್ರಾವ ಜಾಸ್ತಿ. ಕ್ಯಾನ್ಸರ್‌ನಿಂದ ಸತ್ತವರೂ ಆ ಗುಂಪಿನಲ್ಲೇ ಜಾಸ್ತಿ. ಹೃದಯಕ್ಕೆ ಅಂತ ಡಾಕ್ಟರು ಬರೆದಿದ್ದರೆ ತಗೊಳ್ಳಿ, ಅದು ಬೇರೆ ವಿಷಯ.

ಆಮೇಲೆ ವಿಟಮಿನ್ ಇ. ಉಗ್ರ ಆಮ್ಲಜನಕಕ್ಕೆ ಮದ್ದು, ಪ್ರಾಸ್ಟೇಟ್‌ಗೆ ಒಳ್ಳೆಯದು ಅಂತ ಸೆಲೆಕ್ಟ್ ಪರೀಕ್ಷೆಯಲ್ಲಿ 35 ಸಾವಿರ ಗಂಡಸರಲ್ಲಿ ನೋಡಿದರು. 2011ರ ವರದಿ: ವಿಟಮಿನ್ ಇ ಮಾತ್ರ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17 ಶೇಕಡಾ ಜಾಸ್ತಿ. ಕೇಳಲು ಚೆನ್ನಾಗಿರುವ ವಾದಕ್ಕೂ ನಿಜಕ್ಕೂ ಎಷ್ಟು ದೂರ ನೋಡಿ.

ದಿನಕ್ಕೊಂದು ಮಾತ್ರೆ

ನನಗೆ ಯಾರೂ ಬರೆದುಕೊಟ್ಟಿಲ್ಲ, ನಾನೇ ಶುರು ಮಾಡಿದ್ದು. ಸರಿ, ಮುಂದಿನ ಸಲ ಡಾಕ್ಟರನ್ನು ಕೇಳುತ್ತೇನೆ. ಆದರೂ ಉರಿಯೂತಕ್ಕೂ ಕ್ಯಾನ್ಸರಿಗೂ ಸಂಬಂಧ ಇದೆ ಅಂತ ನೀವೇ ಒಪ್ಪಿದ್ದೀರಿ, ಅಷ್ಟು ಸಾಕು.

ಅಪ್ಪನ ಮಗಳು

ನನಗೆ ಇನ್ನೊಂದು ಅರ್ಥವಾಗುತ್ತಿಲ್ಲ. ಅಷ್ಟೊಂದು ರಕ್ಷಣೆ ಕೋಶಗಳು ಗಡ್ಡೆಯಲ್ಲಿ ಇದ್ದರೆ ಅವೇ ಕ್ಯಾನ್ಸರ್ ಕೊಲ್ಲಬೇಕಲ್ವಾ? ಇಮ್ಯುನೊಥೆರಪಿ, ಅಂದರೆ ರಕ್ಷಣೆ ಕೋಶಗಳನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಚಿಕಿತ್ಸೆ, ಕೇಳಿದರೆ "ನಿಮ್ಮಪ್ಪನಿಗೆ ಕೆಲಸ ಮಾಡಲ್ಲ" ಅಂದರು.

ಇಲಿ ಸಾಕಿದವ

ಒಳ್ಳೆ ಪ್ರಶ್ನೆ. ಉರಿಯೂತ ಇದೆ ಅಂದರೆ ರಕ್ಷಣೆ ಇದೆ ಅಂತಲ್ಲ. ಕೊಲ್ಲುವ ಕೆಲಸ ಟಿ ಕೋಶಗಳದ್ದು, ಅವೂ ಒಂದು ಬಗೆಯ ಲಿಂಫೋಸೈಟ್. ಪ್ರಾಸ್ಟೇಟ್ ಗಡ್ಡೆಗಳಲ್ಲಿ ಅವು ಸಾಮಾನ್ಯವಾಗಿ ಕಡಿಮೆ, ಬದಲಿಗೆ ಮೈಲಾಯ್ಡ್ ಎಂಬ ಬೇರೆ ಜಾತಿಯ ಬಿಳಿ ರಕ್ತಕಣಗಳು ತುಂಬಿಕೊಂಡು ಟಿ ಕೋಶಗಳ ಕೈ ಕಟ್ಟುತ್ತವೆ. ಪೊಲೀಸ್ ಡ್ರೆಸ್ ಹಾಕಿದವರೆಲ್ಲ ಪೊಲೀಸರಲ್ಲ. ಅದಕ್ಕೇ ಮಾಮೂಲಿ ಇಮ್ಯುನೊಥೆರಪಿ ಹೆಚ್ಚಿನವರಲ್ಲಿ ನಡೆಯುವುದಿಲ್ಲ. ಡಿಎನ್‌ಎ ರಿಪೇರಿಯಲ್ಲಿ ಒಂದು ನಿರ್ದಿಷ್ಟ ದೋಷ, ಎಂಎಸ್ಐ ಹೈ ಅನ್ನುತ್ತಾರೆ, ಅದಿರುವ ಕೆಲವೇ ಮಂದಿಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಮದ್ದು ಕೆಲಸ ಮಾಡಬಹುದು. ಅಪ್ಪನಿಗೆ ಆ ಪರೀಕ್ಷೆ ಆಗಿದೆಯಾ ಕೇಳಿ.

ಆ ಮೈಲಾಯ್ಡ್ ಕೋಶಗಳು ಗಡ್ಡೆಗೆ ಬರುವ ದಾರಿಯನ್ನೇ ಮುಚ್ಚುವ ಸಣ್ಣ ಪ್ರಯೋಗ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಆ ಕೋಶಗಳು ದಾರಿ ಹಿಡಿಯಲು ಬಳಸುವ ಸಿಎಕ್ಸ್‌ಸಿಆರ್2 ಎಂಬ ಪ್ರೋಟೀನನ್ನು ತಡೆಯುವ ಮದ್ದು, ಜೊತೆಗೆ ಗಂಡು ಹಾರ್ಮೋನ್‌ನ ಕೆಲಸ ತಡೆಯುವ ಎಂಜಲುಟಮೈಡ್. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ 21 ಮಂದಿಯಲ್ಲಿ 5 ಮಂದಿಗೆ ಗುಣ ಕಂಡಿತು. ಸಣ್ಣ ಸಂಖ್ಯೆ. ಆದರೆ ಇಡೀ ಉರಿಯೂತ ಆರಿಸುವ ಬದಲು ಒಂದು ಕೋಶದ ದಾರಿ ಮಾತ್ರ ತಡೆದರು ನೋಡಿ, ಅದೇ ನನಗೆ ಹಿಡಿಸಿದ್ದು.

ಮಾಡರೇಟರ್

ಚರ್ಚೆ ಚೆನ್ನಾಗಿದೆ. ಡೋಸ್ ಹೇಳಿಕೊಡುವ ಎರಡು ಪೋಸ್ಟ್ ತೆಗೆದಿದ್ದೇನೆ. ಯಾರದ್ದು ಅಂತ ಹೇಳುವುದಿಲ್ಲ, ಹೆಸರಲ್ಲೇ ಮಾತ್ರೆ ಇದೆ.

ದಿನಕ್ಕೊಂದು ಮಾತ್ರೆ

:)

ಅರವತ್ತೆರಡು (ಏಳು ತಿಂಗಳ ನಂತರ)

ಎಲ್ಲರಿಗೂ ಸಿಹಿ ಸುದ್ದಿ! ಪಿಎಸ್‌ಎ ಮತ್ತೆ ಮಾಡಿಸಿದೆ. 6.8 ಇದ್ದದ್ದು 3.9ಕ್ಕೆ ಇಳಿದಿದೆ. ಸ್ವಲ್ಪ ತೂಕ ಇಳಿಸಿದೆ, ದಿನಾ ನಡೆದೆ, ರಾತ್ರಿ ಒಂದೇ ಸಲ ಏಳುತ್ತೇನೆ. ಬೆಂಕಿ ಆರಿದೆ ಅಂತ ಅನಿಸುತ್ತಿದೆ. ಡಾಕ್ಟರ ಹತ್ತಿರ ಮುಂದಿನ ವಾರ ಹೋಗಬೇಕು. ಇಷ್ಟು ಇಳಿದ ಮೇಲೆ ಹೋಗುವುದೇ ಬೇಡ ಅಂತಿದ್ದೇನೆ.

ಸೈಕಲ್ ಸವಾರ

ಅಭಿನಂದನೆ ಸರ್! ಸೈಕಲ್ ಶುರು ಮಾಡಿ.

ಲೆಕ್ಕದ ಮೇಷ್ಟ್ರು

ಸರ್, ಒಂದು ನಿಮಿಷ. ಮೂತ್ರ ಸಲೀಸಾಗಲು ಎರಡು ಮಾತ್ರೆ ಕೊಟ್ಟಿದ್ದರು ಅಂತ ಮೊದಲ ಪೋಸ್ಟ್‌ನಲ್ಲಿ ಬರೆದಿದ್ದಿರಿ. ಅವುಗಳ ಹೆಸರು ಏನು?

ಅರವತ್ತೆರಡು

ಪಟ್ಟಿ ತಂದು ನೋಡಿದೆ. ಎರಡೂ ಈಗಲೂ ತಗೊಳ್ಳುತ್ತಿದ್ದೇನೆ. ಒಂದು ಟಾಮ್ಸುಲೋಸಿನ್. ಇನ್ನೊಂದು ಡುಟಾಸ್ಟೆರೈಡ್. ಇದು ನೀವು ಹೇಳಿದ ಆ ಪರೀಕ್ಷೆಯ ಮಾತ್ರೆ ಅಲ್ವಾ?

ಲೆಕ್ಕದ ಮೇಷ್ಟ್ರು

ಅದೇ. ಡುಟಾಸ್ಟೆರೈಡ್ ಆರು ತಿಂಗಳು ತಗೊಂಡರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಉರಿಯೂತ ಇದ್ದರೂ ಇಲ್ಲದಿದ್ದರೂ. ಹಾಗಾಗಿ ಆ ಮಾತ್ರೆ ತಗೊಳ್ಳುವವರ ಅಂಕಿಯನ್ನು ಎರಡರಿಂದ ಗುಣಿಸಿ ಓದುತ್ತಾರೆ. ನಿಮ್ಮ 3.9 ಅಂದರೆ ಹಳೆ ಲೆಕ್ಕದಲ್ಲಿ 7.8.

ಸ್ಲೈಡ್ ಮೇಡಂ

ಮೇಷ್ಟ್ರು ಹೇಳಿದ್ದು ಸರಿ. ಇದರಿಂದ ಕ್ಯಾನ್ಸರ್ ಇದೆ ಅಂತಾಗುವುದಿಲ್ಲ, ಉರಿಯೂತ ಇನ್ನೂ ಹಾಗೇ ಇರಬಹುದು. ಬರೆದುಕೊಟ್ಟ ಡಾಕ್ಟರಿಗೆ ಈ ಲೆಕ್ಕ ಗೊತ್ತಿರುತ್ತದೆ. ಆದರೆ ಅಲ್ಲಿ ಬೇರೆ ಯಾರಾದರೂ ನೋಡಿದರೆ 3.9 ಮಾತ್ರ ಕಣ್ಣಿಗೆ ಬೀಳಬಹುದು. ಮಾತ್ರೆ ಶುರು ಮಾಡಿದ ತಾರೀಖು ಬರೆದುಕೊಂಡು ಹೋಗಿ. ಹಳೆ ಎಂಆರ್‌ಐ ಕೂಡ ತಗೊಂಡು ಹೋಗಿ. ಆ ಮಸುಕು ಕಲೆ ಉರಿಯೂತದ್ದಾ ಅಂತ ಕೇಳಿ, ಎಂಆರ್‌ಐನಲ್ಲಿ ಉರಿಯೂತವೂ ಕ್ಯಾನ್ಸರೂ ಒಂದೇ ಥರ ಕಾಣುವುದುಂಟು.

ಅರವತ್ತೆರಡು

ಮಗನಿಗೆ ಫೋನ್ ಮಾಡಿ ಸಿಹಿ ಹಂಚು ಅಂದಿದ್ದೆ. ಈಗ ಮತ್ತೆ ಫೋನ್ ಮಾಡಬೇಕು. ಅಪಾಯಿಂಟ್‌ಮೆಂಟ್ ಮಂಗಳವಾರ ಬೆಳಿಗ್ಗೆ. ಹೋಗುತ್ತೇನೆ.